ಬಿಪಿಎಲ್ ರೇಷನ್ ಕಾರ್ಡ್: ಅರ್ಹತೆಯ ಲೆಕ್ಕದಿಂದ ಅಕ್ಕಿ ಕೈಗೆ ಬರುವವರೆಗೆ

ಕರ್ನಾಟಕದಲ್ಲಿ ಹೊಸ ಬಿಪಿಎಲ್ ಕಾರ್ಡಿಗೆ ವರ್ಷವಿಡೀ ಅರ್ಜಿ ಹಾಕಲು ಆಗುವುದಿಲ್ಲ. ಆಹಾರ ಇಲಾಖೆಯ ಪೋರ್ಟಲ್ ಆಗಾಗ ಕೆಲವು ದಿನ, ಒಮ್ಮೊಮ್ಮೆ ಕೆಲವೇ ಗಂಟೆ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ತೆರೆದ ಸುದ್ದಿ ಕಿವಿಗೆ ಬಿದ್ದ ಮೇಲೆ ಆದಾಯ ಪ್ರಮಾಣಪತ್ರಕ್ಕೆ ಓಡುವವರಿಗೆ, ಆಧಾರ್‌ನಲ್ಲಿ ಹೆಸರು ತಿದ್ದಿಸಲು ಹೊರಡುವವರಿಗೆ ಆ ಸುತ್ತು ಕೈತಪ್ಪಿತೆಂದೇ ಲೆಕ್ಕ. ಆದ್ದರಿಂದ ಮುಂದೆ ಹೇಳುವ ಕೆಲಸಗಳಲ್ಲಿ ಹೆಚ್ಚಿನವನ್ನು ಪೋರ್ಟಲ್ ಮುಚ್ಚಿರುವಾಗಲೇ ಮುಗಿಸಿಕೊಳ್ಳಬೇಕು.

ಪೋರ್ಟಲ್ ಹೀಗೆ ಮುಚ್ಚಿರುವುದಕ್ಕೆ ಕಾರಣವಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನಸಂಖ್ಯೆಯಲ್ಲಿ ಶೇ 75, ನಗರದಲ್ಲಿ ಶೇ 50ರವರೆಗೆ ಧಾನ್ಯ ಕೊಡಬೇಕೆಂದು ಇಡೀ ದೇಶಕ್ಕೆ ಮಿತಿ ಹಾಕಿ, ರಾಜ್ಯವಾರು ಪಾಲು ಹಂಚಿದೆ. ಕರ್ನಾಟಕದ ಪಾಲು ಸುಮಾರು 4.01 ಕೋಟಿ ಜನ, ಅದೂ 2011ರ ಜನಗಣತಿಯ ಲೆಕ್ಕದಲ್ಲಿ. ಆ ಮಿತಿ ಆಗಲೇ ತುಂಬಿದೆ. ಹಳೆಯ ಕಾರ್ಡುಗಳಲ್ಲಿ ಅನರ್ಹರನ್ನು, ತೀರಿಕೊಂಡವರನ್ನು ತೆಗೆದಷ್ಟೂ ಹೊಸಬರಿಗೆ ಜಾಗ ಸಿಗುತ್ತದೆ. ಮಿತಿ ಮೀರಿದವರ ಅಕ್ಕಿಯ ಖರ್ಚನ್ನು ರಾಜ್ಯವೇ ಹೊರಬೇಕು.

ಯಾವ ಕಾರ್ಡು, ಎಷ್ಟು ಅಕ್ಕಿ

ಕಾರ್ಡು ಮೂರು ಬಗೆ. ಕಡುಬಡವರಿಗೆ ಅಂತ್ಯೋದಯ. ನಾವು ಬಿಪಿಎಲ್ ಎನ್ನುವುದಕ್ಕೆ ಕಾಗದದ ಮೇಲಿನ ಹೆಸರು ಆದ್ಯತಾ ಕುಟುಂಬ, ಅಂದರೆ ಪಿಎಚ್‌ಎಚ್. ಎಪಿಎಲ್ ಎಂದರೆ ಆದ್ಯತೆಯಲ್ಲದ ಕುಟುಂಬ. ಅದಕ್ಕೆ ಉಚಿತ ಧಾನ್ಯವಿಲ್ಲ.

ಕೇಂದ್ರದ ಕಾಯ್ದೆಯಂತೆ ಆದ್ಯತಾ ಕುಟುಂಬದಲ್ಲಿ ತಲೆಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯದಲ್ಲಿ ಮನೆಗೆ 35 ಕೆಜಿ. 2023ರ ಜನವರಿಯಿಂದ ಇದು ಪೂರ್ತಿ ಉಚಿತ. ಇದರ ಮೇಲೆ ರಾಜ್ಯದ ಅನ್ನಭಾಗ್ಯ ಯೋಜನೆ ಆದ್ಯತಾ ಕುಟುಂಬದಲ್ಲಿ ತಲೆಗೆ ಇನ್ನೂ 5 ಕೆಜಿ ಸೇರಿಸುತ್ತದೆ. ಈ ಹೆಚ್ಚುವರಿ ಪಾಲು ಹಲವು ವೇಷ ತೊಟ್ಟಿದೆ: 2023ರ ಜುಲೈನಿಂದ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಹಣ, 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿ, ಅದೇ ವರ್ಷದ ಅಕ್ಟೋಬರಿನಲ್ಲಿ ಆ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಇಂದಿರಾ ಕಿಟ್ ಕೊಡಲು ಸಚಿವ ಸಂಪುಟದ ತೀರ್ಮಾನ. ದಕ್ಷಿಣದ ಜಿಲ್ಲೆಗಳಲ್ಲಿ ಕೆಲವು ತಿಂಗಳು ಅಕ್ಕಿಯ ಒಂದಷ್ಟು ಪಾಲಿಗೆ ರಾಗಿ ಬರುತ್ತದೆ, ಉತ್ತರದಲ್ಲಿ ಜೋಳ. ಆಯಾ ತಿಂಗಳ ಹಂಚಿಕೆಯನ್ನು ನ್ಯಾಯಬೆಲೆ ಅಂಗಡಿಯ ಫಲಕದಲ್ಲಿ ಬರೆದಿರಬೇಕು.

ಅಂತ್ಯೋದಯದ ಮಹತ್ವ ಬಹಳ ಜನಕ್ಕೆ ತಿಳಿದಿಲ್ಲ. ಒಂಟಿ ವಿಧವೆಯೊಬ್ಬರಿಗೆ ಆದ್ಯತಾ ಕಾರ್ಡಿನಲ್ಲಿ ಕೇಂದ್ರದ 5 ಕೆಜಿಗೆ ರಾಜ್ಯದ 5 ಕೆಜಿ ಸೇರಿದರೂ ಸಿಗುವುದು 10. ಅಂತ್ಯೋದಯದಲ್ಲಾದರೆ ಅದೇ ಒಬ್ಬರಿಗೆ 35. ಇಬ್ಬರಿರುವ ಮನೆಗೂ ಲಾಭ ದೊಡ್ಡದು, ಮೂವರಿದ್ದರೆ 5 ಕೆಜಿಯಷ್ಟು. ನಾಲ್ಕು ತಲೆಯಾದ ಮೇಲೆ ವ್ಯತ್ಯಾಸ ಕರಗುತ್ತದೆ. ಭೂಮಿಯಿಲ್ಲದ ಕೂಲಿಕಾರರು, ವಿಧವೆಯರು, ಅಂಗವಿಕಲರು, ವಾಸಿಯಾಗದ ಕಾಯಿಲೆಯವರು, ನೋಡಿಕೊಳ್ಳುವವರಿಲ್ಲದ 60 ದಾಟಿದವರು, ಆದಿಮ ಬುಡಕಟ್ಟಿನವರು ಈ ಪಟ್ಟಿಗೆ ಬರುತ್ತಾರೆ. ನೀವು ಇದರೊಳಗಿದ್ದರೆ ಅರ್ಜಿ ಹಾಕುವ ದಿನವೇ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ತಾನಾಗಿ ಯಾರೂ ಕೊಡುವುದಿಲ್ಲ.

ಅರ್ಹತೆ: ಮನೆಯಲ್ಲೇ ಕೂತು ಲೆಕ್ಕ ಹಾಕಿ

ನಿಯಮ ಇರುವುದು ಯಾರಿಗೆ ಇಲ್ಲ ಎಂಬ ರೂಪದಲ್ಲಿ. ಕೆಳಗಿನವುಗಳಲ್ಲಿ ಒಂದು ತಗುಲಿದರೂ ಬಿಪಿಎಲ್ ಇಲ್ಲ:

- ಮನೆಯಲ್ಲಿ ಯಾರಾದರೂ ಸರ್ಕಾರದ, ಅನುದಾನಿತ ಸಂಸ್ಥೆಯ ಅಥವಾ ನಿಗಮ-ಮಂಡಳಿಯ ಕಾಯಂ ನೌಕರರಾಗಿರುವುದು
- ಆದಾಯ ತೆರಿಗೆ, ಜಿಎಸ್‌ಟಿ ಅಥವಾ ವೃತ್ತಿ ತೆರಿಗೆ ಕಟ್ಟುತ್ತಿರುವುದು
- ಹಳ್ಳಿಯಲ್ಲಿ 3 ಹೆಕ್ಟೇರಿಗಿಂತ ಹೆಚ್ಚು ಖುಷ್ಕಿ (ಮಳೆಯಾಶ್ರಿತ) ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು
- ನಗರದಲ್ಲಿ 1000 ಚದರ ಅಡಿಗಿಂತ ದೊಡ್ಡ ಸ್ವಂತ ಪಕ್ಕಾ ಮನೆ
- ನಾಲ್ಕು ಚಕ್ರದ ವಾಹನ. ಹೊಟ್ಟೆಪಾಡಿಗೆ ಸ್ವತಃ ಓಡಿಸುವ ಒಂದು ಟ್ರ್ಯಾಕ್ಟರ್, ಟ್ಯಾಕ್ಸಿ ಅಥವಾ ಮ್ಯಾಕ್ಸಿಕ್ಯಾಬ್‌ಗೆ ವಿನಾಯಿತಿ
- ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರುವುದು

ಬೈಕು, ಟಿವಿ, ಫ್ರಿಜ್ ಇದ್ದರೆ ಕಾರ್ಡು ಹೋಗುತ್ತದೆ ಎಂಬ ಮಾತು 2021ರಲ್ಲಿ ಹಬ್ಬಿ ಜನ ಹೆದರಿದ್ದರು. ನಿಯಮದಲ್ಲಿ ಅದು ಇಲ್ಲ.

ಆದಾಯದ ಮಿತಿ ಕೇಳಲು ದೊಡ್ಡದಾಗಿ ಕಾಣುತ್ತದೆ. 12ರಿಂದ ಭಾಗಿಸಿದರೆ ತಿಂಗಳಿಗೆ 10,000. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲಿ ಒಬ್ಬರು ತಿಂಗಳಿಗೆ 27 ದಿನದಂತೆ ವರ್ಷಪೂರ್ತಿ ದುಡಿದರೆ 1,19,880 ಆಗುತ್ತದೆ; ಗಂಡನೊಬ್ಬನ ದುಡಿಮೆಯಲ್ಲೇ ಮಿತಿ ಮುಗಿಯಿತು. ಹೆಂಡತಿ ನಾಟಿಗೆ, ಕಳೆಗೆ ಹೋದ ಕೂಲಿ ಸೇರಿಸಿದರೆ ದಾಟಿತು. ಬೆಲೆಗಳು ಎಲ್ಲಿಗೋ ಹೋದರೂ ಈ 1.20 ಲಕ್ಷ ಮಾತ್ರ ಕದಲಿಲ್ಲ ಎಂಬುದು ನ್ಯಾಯವಾದ ದೂರು. ಸಮಾಧಾನವೆಂದರೆ ಕೂಲಿ ಕೆಲಸ ಯಾರಿಗೂ ವರ್ಷಕ್ಕೆ 324 ದಿನ ಸಿಗುವುದಿಲ್ಲ. ಗ್ರಾಮ ಆಡಳಿತಾಧಿಕಾರಿ ಕೇಳಿದಾಗ ದಿನಗೂಲಿ ಎಷ್ಟು ಎಂಬುದನ್ನಷ್ಟೇ ಹೇಳಿ ಸುಮ್ಮನಾಗಬೇಡಿ, ವರ್ಷದಲ್ಲಿ ಎಷ್ಟು ದಿನ ಕೆಲಸ ಸಿಗುತ್ತದೆ ಎಂಬುದನ್ನೂ ಹೇಳಿ. 'ದಿನಕ್ಕೆ 500' ಎಂದಷ್ಟೇ ಹೇಳಿದರೆ ಅವರು 30ರಿಂದ ಗುಣಿಸಿಬಿಟ್ಟಾರು.

ತಿರಸ್ಕಾರ ಬಹುಪಾಲು ಬರುವುದು ಬಡತನದ ಬಗ್ಗೆ ಅನುಮಾನದಿಂದಲ್ಲ, ಬೇರೆ ಇಲಾಖೆಯ ಕಂಪ್ಯೂಟರಿನಲ್ಲಿ ಕೂತಿರುವ ಹಳೆಯ ದಾಖಲೆಯಿಂದ. ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವ ಕಡೆಗಳು ಇವು.

ಮೊದಲನೆಯದು ಸಾಲಕ್ಕಾಗಿ ಸಲ್ಲಿಸಿದ ಐಟಿ ರಿಟರ್ನ್. ಆಟೊ ಸಾಲಕ್ಕೋ ಮನೆ ಸಾಲಕ್ಕೋ ಏಜೆಂಟ್ ಒಬ್ಬ 4 ಲಕ್ಷ ಆದಾಯ ತೋರಿಸಿ ರಿಟರ್ನ್ ಹಾಕಿಸಿರುತ್ತಾನೆ. ತೆರಿಗೆ ಸೊನ್ನೆ, ಆದ್ದರಿಂದ ತೊಂದರೆಯಿಲ್ಲ ಎಂದುಕೊಳ್ಳುತ್ತೇವೆ. 2024ರ ನವೆಂಬರಿನಲ್ಲಿ ಕಾರ್ಡು ರದ್ದತಿ ಗಲಾಟೆಯಾಗಿ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸಲು ಸರ್ಕಾರ ಹೇಳಿದ್ದು ನಿಜ. ಆದರೆ ತೆರಿಗೆ ಸೊನ್ನೆಯಾದರೂ ನೀವೇ ಬರೆದುಕೊಟ್ಟ 4 ಲಕ್ಷ ಆದಾಯ 1.20 ಲಕ್ಷದ ಗೆರೆ ದಾಟಿರುತ್ತದೆ. ಅಂಥವರು ಈಚಿನ ವರ್ಷಗಳಲ್ಲಿ ರಿಟರ್ನ್ ಹಾಕಿಲ್ಲವೆಂಬುದನ್ನೂ ಈಗಿನ ನಿಜವಾದ ಆದಾಯವನ್ನೂ ದಾಖಲೆ ಸಮೇತ ತೋರಿಸಬೇಕಾಗುತ್ತದೆ.

ಎರಡನೆಯದು ಮಾರಿದ ಕಾರು. ಹಳೆಯ ಓಮ್ನಿಯನ್ನು ಸಹಿ ಹಾಕಿಕೊಟ್ಟು ಮಾರಿದ್ದೀರಿ, ಆದರೆ ಕೊಂಡವರು ಆರ್‌ಸಿ ವರ್ಗಾಯಿಸಿಕೊಂಡಿಲ್ಲ. ಸಾರಿಗೆ ಇಲಾಖೆಯ ದಾಖಲೆಯಲ್ಲಿ ಮಾಲೀಕರು ಇಂದಿಗೂ ನೀವೇ. ಅರ್ಜಿಗೆ ಮುಂಚೆ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿಕೊಳ್ಳಿ.

ಮೂರನೆಯದು ಜಂಟಿ ಪಹಣಿ. 3 ಹೆಕ್ಟೇರ್ ಎಂದರೆ 7 ಎಕರೆ 16 ಗುಂಟೆ. ಅಜ್ಜನ ಕಾಲದ 12 ಎಕರೆ ನಾಲ್ಕು ಅಣ್ಣತಮ್ಮಂದಿರಲ್ಲಿ ಬಾಯಿಮಾತಿನಲ್ಲಿ ಭಾಗವಾಗಿ, ಪಹಣಿಯಲ್ಲಿ ಎಲ್ಲರ ಹೆಸರೂ ಒಟ್ಟಿಗಿದ್ದರೆ ನಿಮ್ಮ 3 ಎಕರೆ ಎದ್ದು ಕಾಣುವುದಿಲ್ಲ. ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ಖಾತೆ ಬದಲಾವಣೆ), ವಿಭಾಗ ಮಾಡಿಸಿಕೊಂಡರೆ ಶಾಶ್ವತ ಪರಿಹಾರ; ಅದಕ್ಕೆ ಸಮಯ ಹಿಡಿಯುವುದರಿಂದ ಸದ್ಯಕ್ಕೆ ವಂಶವೃಕ್ಷ ಮತ್ತು ಪಹಣಿ ಕೈಯಲ್ಲಿರಲಿ.

ನಾಲ್ಕನೆಯದು ಮಗನ ಸಂಬಳದ ಚೀಟಿ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ 200 ರೂಪಾಯಿ ವೃತ್ತಿ ತೆರಿಗೆ ಮುರಿಯುತ್ತಾರೆ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಹೆಸರು ಊರಿನ ಕಾರ್ಡಿನಲ್ಲಿದ್ದರೆ ಇಡೀ ಮನೆಯ ಅರ್ಹತೆಗೇ ಕುತ್ತು.

ಕಾಗದಪತ್ರ: ಪೋರ್ಟಲ್ ಮುಚ್ಚಿರುವಾಗ

ಆಧಾರ್‌ನಿಂದ ಶುರುಮಾಡಿ. ಮನೆಯ ಪ್ರತಿಯೊಬ್ಬರ ಕಾರ್ಡನ್ನೂ ಒಂದು ಹಾಸಿಗೆಯ ಮೇಲೆ ಸಾಲಾಗಿ ಹರಡಿ ಹೆಸರು, ಹುಟ್ಟಿದ ದಿನಾಂಕ, ವಿಳಾಸ ಓದಿ. ಅಮ್ಮನ ಆಧಾರ್‌ನಲ್ಲಿ 'ಲಕ್ಷ್ಮಮ್ಮ', ಆದಾಯ ಪತ್ರದಲ್ಲಿ 'ಲಕ್ಷ್ಮೀದೇವಮ್ಮ', ಬ್ಯಾಂಕಿನಲ್ಲಿ 'ಲಕ್ಷ್ಮಮ್ಮ ಕೆ.' ಎಂದಿದ್ದರೆ ನಮ್ಮ ಕಣ್ಣಿಗೆ ಒಬ್ಬರೇ, ಕಂಪ್ಯೂಟರಿಗೆ ಮೂವರು. ಅರ್ಜಿಯಲ್ಲಿ ಹೆಸರು ನೇರ ಆಧಾರ್‌ನಿಂದ ಬರುವುದರಿಂದ ಉಳಿದೆಲ್ಲವನ್ನೂ ಆಧಾರ್‌ಗೆ ಹೊಂದಿಸಿ. ಆಧಾರ್‌ನಲ್ಲೇ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಿ. ಎಲ್ಲರ ಆಧಾರ್‌ಗೂ ಈಗ ಬಳಸುತ್ತಿರುವ ಮೊಬೈಲ್ ನಂಬರ್ ಸೇರಿರಲಿ. ಕಳೆದುಹೋದ ಸಿಮ್ಮಿಗೆ ಒಟಿಪಿ ಹೋಗುತ್ತಿದ್ದರೆ ಕೌಂಟರಿನ ಮುಂದೆ ನಿಂತು ಏನೂ ಮಾಡಲಾಗದು. ಮಕ್ಕಳಿಗೆ 5 ಮತ್ತು 15 ತುಂಬಿದಾಗ ಬೆರಳಚ್ಚು, ಕಣ್ಣಿನ ಗುರುತನ್ನು ಹೊಸದಾಗಿ ಕೊಡಲೇಬೇಕು. ಅದು ಬಾಕಿಯಿದ್ದರೆ ಮಗುವಿನ ದೃಢೀಕರಣ ಬಿದ್ದುಹೋಗುತ್ತದೆ.

ನಂತರ ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಐದು ವರ್ಷದ ಸಿಂಧುತ್ವ ಇರುತ್ತದೆ. ಅದರ ಮೇಲೆ 'ಆರ್‌ಡಿ' ಎಂದು ಶುರುವಾಗುವ ಸಂಖ್ಯೆಯಿದೆಯಲ್ಲ, ಅರ್ಜಿಗೆ ಬೇಕಾದ್ದು ಅದೇ. ಉಳಿದ ವಿವರವನ್ನು ಪೋರ್ಟಲ್ ತಾನೇ ಎಳೆದುಕೊಳ್ಳುತ್ತದೆ. ಮನೆಯ ಮುಖ್ಯಸ್ಥೆಯಾಗುವವರ ಹೆಸರಿನಲ್ಲಿ ಪತ್ರ ಮಾಡಿಸಿಟ್ಟುಕೊಳ್ಳಿ. ಹಳೆಯ ಪತ್ರವಿದ್ದರೆ ದಿನಾಂಕವನ್ನೂ ಅದರಲ್ಲಿ ಬರೆದಿರುವ ಮೊತ್ತವನ್ನೂ ಈಗಲೇ ನೋಡಿ. ಮಗಳ ವಿದ್ಯಾರ್ಥಿವೇತನಕ್ಕೆಂದು ಒಂದು ಮೊತ್ತ, ರೇಷನ್ನಿಗೆಂದು ಇನ್ನೊಂದು ಮೊತ್ತ ಬರೆಸಿದವರು ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತಾರೆ.

ಆರು ವರ್ಷದೊಳಗಿನ ಮಕ್ಕಳಿಗೆ ಜನನ ಪ್ರಮಾಣಪತ್ರ. ಬಾಡಿಗೆ ಮನೆಯಾದರೆ ಕರಾರು ಪತ್ರ ಅಥವಾ ವಿದ್ಯುತ್ ಬಿಲ್ಲು. ಅಸಂಘಟಿತ ಕಾರ್ಮಿಕರು ಇ-ಶ್ರಮ ಕಾರ್ಡನ್ನು ಮಾಡಿಸಿಟ್ಟುಕೊಳ್ಳುವುದು ಜಾಣತನ: ಇ-ಶ್ರಮದಲ್ಲಿ ನೋಂದಾಯಿಸಿ ರೇಷನ್ ಕಾರ್ಡ್ ಇಲ್ಲದವರಿಗೆ ಕಾರ್ಡು ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಹೇಳಿದ ಮೇಲೆ, ಪೋರ್ಟಲ್ ಇತರರಿಗೆ ಮುಚ್ಚಿದ್ದಾಗಲೂ ಇವರಿಗೆ ತೆರೆದದ್ದಿದೆ.

ಒಬ್ಬರ ಆಧಾರ್ ಒಂದೇ ಕಾರ್ಡಿನಲ್ಲಿರಬೇಕು. ಹೊಸ ಸಂಸಾರ ಹೂಡಿದವರು ಎಡವುವುದು ಇಲ್ಲೇ. ಸೊಸೆಯ ಹೆಸರು ತವರಿನ ಕಾರ್ಡಿನಲ್ಲಿ, ಮಗನದು ಅಪ್ಪನ ಕಾರ್ಡಿನಲ್ಲಿ ಇದ್ದರೆ ಹೊಸ ಅರ್ಜಿ ಮೊದಲ ಪುಟದಲ್ಲೇ ನಿಂತುಬಿಡುತ್ತದೆ. ಮೊದಲು ಹಳೆಯ ಕಡೆ ಹೆಸರು ತೆಗೆಸಿ, ತೆಗೆದದ್ದು ಪೋರ್ಟಲ್‌ನಲ್ಲಿ ಕಂಡ ಮೇಲೆ ಇಲ್ಲಿ ಸೇರಿಸಿ. ತವರಿನವರು 'ಇರಲಿ ಬಿಡಮ್ಮ, ಐದು ಕೆಜಿ ಬರುತ್ತಲ್ಲ' ಎಂದು ತಡಮಾಡುತ್ತಾರೆ. ಅದರಲ್ಲೇ ಅರ್ಜಿಯ ದಿನಗಳು ಕಳೆದುಹೋಗುತ್ತವೆ. ಗೃಹಲಕ್ಷ್ಮಿಯ 2,000 ರೂಪಾಯಿ ಎರಡು ಬರಲಿ ಎಂದು ಒಂದೇ ಒಲೆಯ ಮನೆಯನ್ನು ಕಾಗದದಲ್ಲಿ ಇಬ್ಭಾಗ ಮಾಡುವವರೂ ಇದ್ದಾರೆ. ಸ್ಥಳಪರಿಶೀಲನೆಗೆ ಬಂದವರು ಮೊದಲು ನೋಡುವುದು ಅಡುಗೆಮನೆಯನ್ನೇ.

ಅರ್ಜಿ ಹಾಕುವ ದಿನ

ಅರ್ಜಿ ಹೋಗುವುದು ಇಲಾಖೆಯ 'ಆಹಾರ' ಪೋರ್ಟಲ್ ಮೂಲಕ. ಅದರ ವಿಳಾಸ 'ಗೌ ಡಾಟ್ ಇನ್' ಎಂದೇ ಮುಗಿಯಬೇಕು. ಅಂಥದ್ದೇ ಹೆಸರಿನ ಖಾಸಗಿ ತಾಣಗಳು ಬೇಕಾದಷ್ಟಿವೆ. ಅಲ್ಲಿ ಆಧಾರ್ ನಂಬರ್ ಕೊಡಬೇಡಿ. ಹಳ್ಳಿಯವರು ಗ್ರಾಮ ಒನ್‌ಗೆ, ಪಟ್ಟಣದವರು ಕರ್ನಾಟಕ ಒನ್‌ಗೆ, ಬೆಂಗಳೂರಿನವರು ಬೆಂಗಳೂರು ಒನ್‌ಗೆ ಹೋಗಬಹುದು. ಒಂದೇ ದಿನ ಇಡೀ ರಾಜ್ಯಕ್ಕೆ ತೆರೆದರೆ ಸರ್ವರ್ ಕುಸಿಯುತ್ತದೆಂದು ಒಮ್ಮೊಮ್ಮೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ವಿಭಾಗಗಳಿಗೆ ಬೇರೆ ಬೇರೆ ದಿನ ಕೊಡುತ್ತಾರೆ. ನಿಮ್ಮ ಜಿಲ್ಲೆಯ ದಿನ ಯಾವುದೆಂದು ಕೇಳಿಕೊಂಡೇ ಕೂಲಿ ಬಿಟ್ಟು ಹೊರಡಿ.

1. ಮನೆಯವರೆಲ್ಲ ಒಟ್ಟಿಗೆ ಹೋಗಿ. ಒಬ್ಬೊಬ್ಬರ ಆಧಾರ್ ದೃಢೀಕರಣಕ್ಕೂ ಒಟಿಪಿ ಅಥವಾ ಹೆಬ್ಬೆಟ್ಟು ಬೇಕು. ಊರಲ್ಲಿಲ್ಲದವರಿಗೆ ಫೋನ್ ಕೈಯಲ್ಲಿಟ್ಟುಕೊಂಡಿರಲು ಹೇಳಿ. ಒಟಿಪಿ ಕೆಲವೇ ನಿಮಿಷ ಬದುಕಿರುತ್ತದೆ.

2. ಕಾರ್ಡಿನ ಬಗೆ ಆರಿಸುವ ಪುಟದಲ್ಲಿ 'ಆದ್ಯತಾ ಕುಟುಂಬ' ಎಂದೇ ಒತ್ತಿದ್ದಾರೆಯೇ ನೋಡಿ. ಅವಸರದಲ್ಲಿ ಆದ್ಯತೆಯಲ್ಲದ್ದನ್ನು ಒತ್ತಿದರೆ ಕೈಗೆ ಬರುವುದು ಎಪಿಎಲ್.

3. ಕುಟುಂಬದ ಮುಖ್ಯಸ್ಥರ ಜಾಗದಲ್ಲಿ ಮನೆಯ 18 ದಾಟಿದ ಅತಿ ಹಿರಿಯ ಮಹಿಳೆ. ಇದು ಕಾಯ್ದೆಯ 13ನೇ ಸೆಕ್ಷನ್. ವಯಸ್ಕ ಹೆಣ್ಣುಮಕ್ಕಳೇ ಇಲ್ಲದಿದ್ದರೆ ಮಾತ್ರ ಹಿರಿಯ ಗಂಡಸು.

4. ಆರ್‌ಡಿ ಸಂಖ್ಯೆ ಹಾಕಿದಾಗ ಪರದೆಯಲ್ಲಿ ಬರುವ ಹೆಸರು ಮತ್ತು ಮೊತ್ತವನ್ನು ನೀವೇ ಓದಿ. ಒಂದು ಅಂಕಿ ತಪ್ಪಿದರೆ ಇನ್ಯಾರದೋ ಆದಾಯ ಬಂದು ಕೂರುತ್ತದೆ.

5. ವಿಳಾಸ, ವಾರ್ಡು, ನ್ಯಾಯಬೆಲೆ ಅಂಗಡಿ ಆರಿಸಿ. ಅಂಗಡಿ ಮನೆಗೆ ಹತ್ತಿರದ್ದಿರಲಿ. ತಿಂಗಳಿಗೆ 40 ಕೆಜಿ ಹೊರಬೇಕಾದವರು ನೀವು.

6. ಸಲ್ಲಿಸಿದ ಮೇಲೆ ಸ್ವೀಕೃತಿಯನ್ನು ಮುದ್ರಿಸಿಕೊಂಡು, ಅರ್ಜಿ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ. 'ಆಮೇಲೆ ಕೊಡ್ತೀನಿ, ಸರ್ವರ್ ಇಲ್ಲ' ಎಂದರೆ ಅರ್ಜಿ ಸೇವ್ ಆಗಿದೆ, ಸಲ್ಲಿಕೆಯಾಗಿಲ್ಲ ಎಂದೇ ಅರ್ಥ. ಸಂಖ್ಯೆ ಸಿಗುವವರೆಗೆ ಜಾಗ ಬಿಡಬೇಡಿ. ಕೇಂದ್ರದಲ್ಲಿ ತೂಗುಹಾಕಿದ ದರಪಟ್ಟಿಗಿಂತ ಹೆಚ್ಚು ಕೇಳಿದರೆ ರಸೀದಿ ಕೇಳಿ.

ಮನೆಯಲ್ಲಿ ಯಾರಾದರೂ ಆಸ್ಪತ್ರೆಯಲ್ಲಿದ್ದು, ಚಿಕಿತ್ಸೆಗೆ ಕಾರ್ಡು ತುರ್ತಾಗಿ ಬೇಕಿದ್ದರೆ ಪೋರ್ಟಲ್ ತೆರೆಯಲಿ ಎಂದು ಕಾಯಬೇಡಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನವರಿಗೆ ಖರ್ಚಿನ ಶೇ 30 ಮಾತ್ರ. ವೈದ್ಯರ ಪತ್ರ, ಆಸ್ಪತ್ರೆಯ ದಾಖಲೆ ಹಿಡಿದು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ನೇರ ಹೋಗಿ. ವೈದ್ಯಕೀಯ ತುರ್ತಿನ ಅರ್ಜಿಗಳನ್ನು ಬೇರೆಯಾಗಿ ತೆಗೆದುಕೊಳ್ಳುತ್ತಾರೆ.

ಪರಿಶೀಲನೆ, ತಿರಸ್ಕಾರ, ದೂರು

ಅರ್ಜಿ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಹೋಗುತ್ತದೆ. ಆಹಾರ ನಿರೀಕ್ಷಕರೋ ಗ್ರಾಮ ಆಡಳಿತಾಧಿಕಾರಿಯೋ ಮನೆಗೆ ಬರುತ್ತಾರೆ. ಆ ಹೊತ್ತಿಗೆ ಬಾಗಿಲಿಗೆ ಬೀಗವಿದ್ದರೆ 'ವಾಸವಿಲ್ಲ' ಎಂದು ಬರೆದುಹೋಗುವುದುಂಟು. ಕೂಲಿಗೆ ಹೋಗುವವರು ಪಕ್ಕದ ಮನೆಯವರಿಗೆ ಫೋನ್ ನಂಬರ್ ಕೊಟ್ಟು ಹೇಳಿರಿ.

ಪೋರ್ಟಲ್‌ನ 'ಇ-ಸ್ಥಿತಿ' ವಿಭಾಗದಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ಎಲ್ಲಿದೆ ಎಂದು ಕಾಣುತ್ತದೆ. ತಿರಸ್ಕಾರವಾಗಿದ್ದರೆ ಕಾರಣವನ್ನು ಲಿಖಿತವಾಗಿ ಕೇಳಿ. ಬಾಯಿಮಾತಿನ 'ಆಗಲ್ಲ' ಎಂಬುದರ ಮೇಲೆ ಯಾರೂ ಮೇಲ್ಮನವಿ ಹಾಕಲಾರರು. ಕೊಡದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು. ಕಾರಣ ಕೈಗೆ ಬಂದ ಮೇಲೆ ಅದಕ್ಕೆ ಎದುರು ದಾಖಲೆ ಹಿಡಿದು ಮೊದಲು ತಹಶೀಲ್ದಾರರ ಹತ್ತಿರ, ನಂತರ ಕಾಯ್ದೆಯಡಿ ನೇಮಕವಾದ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ, ಅಲ್ಲೂ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಹೋಗಬಹುದು. ಫೋನಿನಲ್ಲಿ ದೂರು ಕೊಡಲು 1967. ದೂರಿನ ಸಂಖ್ಯೆ ಬರೆದುಕೊಳ್ಳದೆ ಫೋನ್ ಇಡಬೇಡಿ.

ಇದೆಲ್ಲ ಮುಗಿಯುವವರೆಗೆ ಮನೆಯಲ್ಲಿ ಒಲೆ ಉರಿಯಬೇಕಲ್ಲ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯ ಮಾತೃಪೂರ್ಣ ಊಟಕ್ಕಾಗಲಿ, ಶಾಲೆಯ ಬಿಸಿಯೂಟಕ್ಕಾಗಲಿ, ಇಂದಿರಾ ಕ್ಯಾಂಟೀನಿಗಾಗಲಿ ರೇಷನ್ ಕಾರ್ಡ್ ಬೇಕಿಲ್ಲ.

ಕಾರ್ಡು ಬಂದ ಮೇಲೆ

ಮೊದಲ ತಿಂಗಳಲ್ಲೇ ಎಲ್ಲರೂ ನ್ಯಾಯಬೆಲೆ ಅಂಗಡಿಗೆ ಹೋಗಿ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ದೃಢೀಕರಣ, ಮುಗಿಸಿ. ಯಾರದು ಬಾಕಿಯೋ ಅವರ ಪಾಲು ನಿಲ್ಲುವ ಅಪಾಯವಿದೆ. ಇದಕ್ಕೆ ಹಣ ಕೊಡಬೇಕಿಲ್ಲ. 'ಹೆಬ್ಬೆಟ್ಟಿಗೆ 20 ರೂಪಾಯಿ' ಎಂದು ಕೇಳುವುದು ಅಕ್ರಮ. 2025ರ ಜುಲೈನಲ್ಲಿ ತಿದ್ದುಪಡಿಯಾದ ಕೇಂದ್ರದ ಆದೇಶದಂತೆ ಇ-ಕೆವೈಸಿಯನ್ನು ಐದು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು, ಮಗುವಿಗೆ 5 ತುಂಬಿದ ಒಂದು ವರ್ಷದೊಳಗೆ ಅದರದ್ದೂ ಆಗಬೇಕು. ಆರು ತಿಂಗಳು ರೇಷನ್ ತೆಗೆಯದ ಕಾರ್ಡು ಅಮಾನತಾಗುತ್ತದೆ. ಆಗ ಮೂರು ತಿಂಗಳೊಳಗೆ ಪರಿಶೀಲನೆಯಾಗಿ ಅರ್ಹರೋ ಅಲ್ಲವೋ ಎಂದು ತೀರ್ಮಾನವಾಗಬೇಕು. ಕಾರ್ಡನ್ನು ಆಸ್ಪತ್ರೆಗೆಂದಷ್ಟೇ ಎತ್ತಿಟ್ಟುಕೊಂಡವರು ಇದನ್ನು ಗಮನಿಸಿ.

ರೇಷನ್ ತರಲು ಮನೆಯ ಯಾರಾದರೂ ಒಬ್ಬರು ಹೆಬ್ಬೆಟ್ಟು ಕೊಟ್ಟರೆ ಸಾಕು. ಗಾರೆ ಕೆಲಸದವರ, ಬಟ್ಟೆ ಒಗೆಯುವವರ, ಮುದುಕರ ಬೆರಳಿನ ಗೆರೆ ಸವೆದಿರುತ್ತದೆ. ಕೈಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಚೂರು ಕೊಬ್ಬರಿ ಎಣ್ಣೆ ಸವರಿ ಚೆನ್ನಾಗಿ ಒರೆಸಿಕೊಂಡ ಮೇಲೆ ಬೇರೆ ಬೇರೆ ಬೆರಳು ಇಟ್ಟು ನೋಡಿ. ಯಂತ್ರದ ಗಾಜನ್ನೂ ಒರೆಸಲು ಹೇಳಿ. ಎಷ್ಟೋ ಸಲ ಕೊಳೆ ಇರುವುದು ಅಲ್ಲೇ. ಅದೂ ಆಗದಿದ್ದರೆ ಒಟಿಪಿ ಕೇಳಿ. ತೂಕವಾಗುವಾಗ ತಕ್ಕಡಿಯ ಅಂಕಿ ಸೊನ್ನೆಯಿಂದ ಶುರುವಾಯಿತೇ ನೋಡಿ, ಮುದ್ರಿತ ಬಿಲ್ಲು ಪಡೆದು ಅದರಲ್ಲಿರುವ ಕೆಜಿಗೂ ಚೀಲಕ್ಕೂ ತಾಳೆ ಹಾಕಿ.

ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಪುಣೆ, ಮುಂಬೈ, ಗೋವಾ, ಹೈದರಾಬಾದಿಗೆ ಗುಳೆ ಹೋಗುವವರು ಕಾರ್ಡನ್ನು ಊರಲ್ಲಿ ಬಿಟ್ಟು ಹೋಗುವುದು ಬೇಡ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಆ ಊರಿನ ಅಂಗಡಿಯಲ್ಲೇ ಕಾರ್ಡ್ ಸಂಖ್ಯೆ ಹೇಳಿ ಹೆಬ್ಬೆಟ್ಟು ಕೊಟ್ಟು ಪಡೆಯಬಹುದು. ಅಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ, ಅನ್ನಭಾಗ್ಯದ ಹೆಚ್ಚುವರಿ ಸಿಗದು. ಊರಲ್ಲಿ ಉಳಿದ ಅವ್ವ ಅಪ್ಪ ತಮ್ಮ ಪಾಲಷ್ಟನ್ನು ಊರಲ್ಲೂ, ದುಡಿಯಲು ಹೋದವರು ತಮ್ಮದನ್ನು ಅಲ್ಲೂ ತೆಗೆಯಲು ಆಗುತ್ತದೆ. ತಿಂಗಳ ಮೊದಲ ವಾರದಲ್ಲೇ ಊರಿಗೆ ಫೋನ್ ಮಾಡಿ ಯಾರು ಎಷ್ಟು ತೆಗೆಯುವುದೆಂದು ಮಾತಾಡಿಕೊಳ್ಳಿ. ಇಲ್ಲವಾದರೆ ಊರಲ್ಲಿ ಪೂರ್ತಿ ತೆಗೆದುಬಿಟ್ಟಿರುತ್ತಾರೆ, ಪುಣೆಯ ಅಂಗಡಿಯ ಯಂತ್ರದಲ್ಲಿ ಬಾಕಿ ಸೊನ್ನೆ ಎಂದು ಬರುತ್ತದೆ.